ಗಲ್ಫಿಗೆ ಮೊದಲ ಸಲ ಹೊರಡುವವರಿಗೆ: ಬ್ಯಾಗ್ ಕಟ್ಟುದರಿಂದ ಕಸ್ಟಮ್ಸ್ ದಾಟುವವರೆಗೆ

ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಗಲ್ಫಲ್ಲಿ ಯಾರೂ ಇಲ್ಲದ ಮನೆ ಹುಡುಕುದೇ ಕಷ್ಟ, ಆದ್ರೂ ಮೊದಲ ಸಲ ಹೊರಡುವವರಿಗೆ ಏರ್‌ಪೋರ್ಟಲ್ಲಿ ಎಂತೆಲ್ಲ ಆಗ್ತದೆ ಅಂತ ಕೂತು ಹೇಳಿಕೊಡುವವರು ಕಮ್ಮಿ. ಎಲ್ರೂ ಹೆದರುದು ಇಮಿಗ್ರೇಶನ್ ಕೌಂಟರಿಗೆ. ಕಾಗದ ಸರಿ ಇದ್ರೆ ಅಲ್ಲಿ ಎಲ್ಲಿಗೆ, ಯಾಕೆ, ಎಷ್ಟು ದಿನ ಅಂತ ಕೇಳಿ ಸೀಲ್ ಹಾಕಿ ಬಿಡ್ತಾರೆ ಅಷ್ಟೆ. ನಿಜವಾಗಿ ಜಾಗ್ರತೆ ಬೇಕಾದ್ದು ಬ್ಯಾಗಿನ ವಿಷಯದಲ್ಲಿ, ಯಾಕಂದ್ರೆ ನಿಮ್ಮ ಹೆಸರಿನ ಟ್ಯಾಗ್ ಇರುವ ಬ್ಯಾಗಲ್ಲಿ ಎಂತ ಸಿಕ್ಕಿದ್ರೂ ಅದಕ್ಕೆ ಉತ್ತರ ಕೊಡ್ಬೇಕಾದ್ದು ನೀವೇ.

ಮೊದಲು ಕಾಗದದ ವಿಷಯ ಮುಗಿಸುವ. ಪಾಸ್‌ಪೋರ್ಟಿಗೆ ಕಮ್ಮಿಯಲ್ಲಿ ಆರು ತಿಂಗಳ ವ್ಯಾಲಿಡಿಟಿ ಬೇಕು. ಹೆಸರು ನೋಡಿ, ನಮ್ಮಲ್ಲಿ ತುಂಬ ಜನರಿಗೆ ಹೆಸರಿನ ಹಿಂದೆ ಮುಂದೆ ಬರೀ ಇನಿಶಿಯಲ್, ಕೆಲವರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿಯೇ ಉಂಟು. 2022ರ ನವೆಂಬರಿನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ತಕರಾರು ತೆಗೀತದೆ, ಕೊನೇ ಪೇಜಲ್ಲಿ ಅಪ್ಪನ ಹೆಸರು ಇದ್ರೆ ಅದನ್ನು ನೋಡಿ ಬಿಡ್ತಾರೆ ಅಂತ ಆಮೇಲೆ ಸಡಿಲ ಮಾಡಿದ್ರು, ಆದ್ರೂ ಟಿಕೆಟ್ ಮಾಡುವ ಮೊದಲೇ ಏರ್‌ಲೈನಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಇನ್ನೊಂದು, ಪಾಸ್‌ಪೋರ್ಟಲ್ಲಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್) ಅಂತ ಪ್ರಿಂಟ್ ಇದ್ರೆ (ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಇರ್ತದೆ) ಕೆಲಸದ ವೀಸಾಕ್ಕೆ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕ ಕ್ಲಿಯರೆನ್ಸ್ ಬೇಕೇ ಬೇಕು, ಸೌದಿ, ಯುಎಇ, ಖತಾರ್, ಒಮಾನ್, ಕುವೈತ್, ಬಹರೈನ್ ಎಲ್ಲ ಆ ಲಿಸ್ಟಲ್ಲಿ ಉಂಟು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕುವ ಅಂತ ಏಜೆಂಟ್ ಹೇಳಿದ್ರೆ ದಯವಿಟ್ಟು ಎರಡು ಸಲ ಯೋಚನೆ ಮಾಡಿ, ಇಮಿಗ್ರೇಶನಲ್ಲಿ ಪ್ರಶ್ನೆ ಜಾಸ್ತಿ ಆಗುದೇ ಅಂಥವರಿಗೆ. ನಿಜವಾಗಿ ಮಗನನ್ನೋ ಮಗಳನ್ನೋ ನೋಡ್ಲಿಕ್ಕೆ ಹೋಗುವವರು ರಿಟರ್ನ್ ಟಿಕೆಟ್, ಅವರ ವಿಳಾಸ, ಫೋನ್ ನಂಬರ್, ಅವರ ವೀಸಾ ಕಾಪಿ ಪ್ರಿಂಟ್ ಮಾಡಿ ಕೈಯಲ್ಲಿ ಇಟ್ಕೊಳ್ಳಿ. ಮೊಬೈಲಲ್ಲಿ ಉಂಟು ಅಂದ್ರೆ ಸಾಲುದಿಲ್ಲ, ಚಾರ್ಜ್ ಮುಗಿದ್ರೆ ಎಂತ ಮಾಡುದು?

ಈಗ ಬ್ಯಾಗ್. ಅಮ್ಮಂದಿರು ಕಟ್ಟಿ ಕೊಡುದು ಪ್ರೀತಿಯಿಂದಲೇ, ಆದ್ರೆ ಕೆಲವು ಸಾಮಾನು ಮನೆಯಲ್ಲೇ ಬಿಡ್ಬೇಕು. ಎಲ್ಲಕ್ಕಿಂತ ಮುಖ್ಯ ಗಸಗಸೆ. ನಮಗದು ಪಾಯಸಕ್ಕೆ, ಕುರ್ಮಕ್ಕೆ ಹಾಕುವ ಸಾಮಾನು, ಯುಎಇ, ಸೌದಿ, ಖತಾರಲ್ಲಿ ಅದು ಅಫೀಮಿನ ಗಿಡದ ಬೀಜ, ಡ್ರಗ್ಸಿನ ಲೆಕ್ಕ. ಗೊತ್ತಿರಲಿಲ್ಲ ಅಂದ್ರೆ ಅಲ್ಲಿ ಕೇಳುವವರಿಲ್ಲ. ಮಸಾಲೆ ಪುಡಿ ಮಾಡಿ ಕೊಡುವಾಗಲೂ ಅದರಲ್ಲಿ ಗಸಗಸೆ ಬಿದ್ದಿದೆಯಾ ಅಂತ ಮನೆಯವರ ಹತ್ರ ಕೇಳಿ. ಎರಡನೇದು ವೀಳ್ಯದೆಲೆ, ಪಾನ್, ಯುಎಇಗೆ ತಗೊಂಡು ಹೋಗ್ಲಿಕ್ಕಿಲ್ಲ, ಹಾಗಾಗಿ ಅಜ್ಜ ಅಜ್ಜಿ ಹೋಗುದಾದ್ರೆ ಎಲೆಅಡಿಕೆ ಸಂಚಿ ಮನೆಯಲ್ಲೇ ಇರ್ಲಿ, ಇದನ್ನು ಅವರಿಗೆ ಹೊರಡುವ ದಿನ ಅಲ್ಲ, ಒಂದು ವಾರ ಮೊದಲೇ ಮೆಲ್ಲ ಹೇಳಿ.

ಕೊಬ್ಬರಿ ಕೂಡ ಹಾಗೇ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹಿಡೀಬಹುದು ಅಂತ ವಿಮಾನದವರು ಅದನ್ನು ಅಪಾಯದ ಸಾಮಾನಿನ ಪಟ್ಟಿಯಲ್ಲಿ ಇಟ್ಟಿದ್ದಾರೆ, ತೋಟದ್ದೇ ಆದ್ರೂ ತೆಗೆದು ಹಾಕ್ತಾರೆ. ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ಕೈಬ್ಯಾಗಲ್ಲಿ ಬೇಡ, ಅಲ್ಲಿ ದ್ರವ ಅಂದ್ರೆ 100 ಎಂಎಲ್ ಒಳಗಿನ ಬಾಟಲಿ ಮಾತ್ರ. ದೊಡ್ಡ ಬ್ಯಾಗಿಗೆ ಹಾಕುದಾದ್ರೂ ಎಷ್ಟು ಬಿಡ್ತಾರೆ ಅಂತ ಏರ್‌ಲೈನಲ್ಲಿ ಕೇಳಿ, ಎರಡು ಮೂರು ಕವರ್ ಸುತ್ತಿ ಹಾಕಿ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಬ್ಯಾಗಲ್ಲೇ ಇರ್ಬೇಕು, ದೊಡ್ಡ ಬ್ಯಾಗಲ್ಲಿ ಹಾಕಿದ್ರೆ ಬ್ಯಾಗ್ ತೆಗೆಸ್ತಾರೆ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಎಷ್ಟು ಬೇಕಾದ್ರೂ ತಗೊಳ್ಳಿ, ತೂಕ ನೋಡಿಕೊಂಡ್ರೆ ಆಯ್ತು.

ಮದ್ದಿನ ವಿಷಯ ಸಣ್ಣದಲ್ಲ. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ, ಟೆನ್ಶನಿಗೆ ಕೊಡುವ ಅಲ್ಪ್ರಜೋಲಾಮ್, ಡಯಾಜೆಪಾಮ್ ಇವೆಲ್ಲ ಯುಎಇಯಲ್ಲಿ ಕಂಟ್ರೋಲಲ್ಲಿರುವ ಮದ್ದು, ಅಲ್ಲಿಯ ಆರೋಗ್ಯ ಇಲಾಖೆಯಿಂದ ಆನ್‌ಲೈನಲ್ಲಿ ಮೊದಲೇ ಪರ್ಮಿಶನ್ ತಗೊಳ್ಬೇಕು. ಬಿಪಿ, ಶುಗರಿನ ಮಾತ್ರೆಯನ್ನು ಕೂಡ ಡಬ್ಬಕ್ಕೆ ಸುರಿದು ತಗೊಂಡು ಹೋಗ್ಬೇಡಿ, ಸ್ಟ್ರಿಪ್ ಹಾಗೇ ಇರ್ಲಿ, ಡಾಕ್ಟರ ಚೀಟಿ ಇಂಗ್ಲಿಷಲ್ಲಿ ಜೊತೆಗಿರ್ಲಿ. ಲೇಬಲ್ ಇಲ್ಲದ ಬಾಟಲಿಯ ಕಷಾಯ, ಲೇಹ್ಯ ಕಟ್ಟುದೇ ಬೇಡ.

ಇನ್ನು ಪಾರ್ಸೆಲ್. ನೀವು ಹೊರಡ್ತೀರಿ ಅಂತ ಗೊತ್ತಾದ ಕೂಡ್ಲೆ ನೆರೆಕರೆಯವರು, ಗೆಳೆಯನ ಗೆಳೆಯ, ಯಾರಾದ್ರೊಬ್ಬ ಒಂದು ಪ್ಯಾಕೆಟ್ ಹಿಡ್ಕೊಂಡು ಬಂದೇ ಬರ್ತಾರೆ, ಅಲ್ಲಿ ನಮ್ಮ ಹುಡುಗ ಬಂದು ತಗೊಳ್ತಾನೆ, ಬರೀ ಬಟ್ಟೆ ಮತ್ತೆ ತಿಂಡಿ ಅಂತ. ಬೇಡ. 2019ರಲ್ಲಿ ಮುಂಬೈಯ ಒಂದು ದಂಪತಿ ಸಂಬಂಧಿಕರು ಕೊಟ್ಟ ಪ್ಯಾಕೆಟ್ ನಂಬಿ ದೋಹಾಕ್ಕೆ ಹೋದ್ರು, ಒಳಗೆ ಹಶೀಶ್ ಇತ್ತು, ಹತ್ತು ವರ್ಷ ಜೈಲು ಅಂತ ತೀರ್ಪಾಯ್ತು. ಮೋಸ ಹೋದದ್ದು ಅಂತ ಸಾಬೀತಾಗಿ ಬಿಡುಗಡೆ ಆಗುವಾಗ 2021, ಮಗು ಹುಟ್ಟಿದ್ದೂ ಜೈಲಲ್ಲೇ. ಕೊಟ್ಟದ್ದು ಸ್ವಂತದವರೇ ನೋಡಿ. ಹಾಗಾಗಿ ಪ್ಯಾಕೆಟ್ ಬಿಚ್ಚಿ, ಪ್ರತಿಯೊಂದು ಸಾಮಾನು ನೋಡಿ, ನೀವೇ ತುಂಬಿಸಿದ್ರೆ ಮಾತ್ರ ತಗೊಳ್ಳಿ, ಬಿಚ್ಚಬೇಡ ಅಂತ ಹೇಳಿದ್ರೆ ಅಲ್ಲಿಗೇ ಮುಗೀತು, ಬೇಸರ ಆದ್ರೆ ಆಗ್ಲಿ. ಏರ್‌ಪೋರ್ಟಿನ ಗೇಟಲ್ಲಿ ತಂದು ಕೊಡುದನ್ನಂತೂ ಮುಟ್ಟಲೂ ಬೇಡಿ.

ಹೊರಡುವ ದಿನ: ಉಪ್ಪಳ, ಮಂಜೇಶ್ವರದವರಿಗೆ ಮಂಗಳೂರಿನ ಬಜ್ಪೆ ಏರ್‌ಪೋರ್ಟ್ ಹತ್ತಿರ, ಹೊಸದುರ್ಗ, ನೀಲೇಶ್ವರದವರು ಹೆಚ್ಚಾಗಿ ಕಣ್ಣೂರು ನೋಡ್ತಾರೆ, ಆದ್ರೆ 2018ರಲ್ಲಿ ಶುರುವಾದ ಆ ಏರ್‌ಪೋರ್ಟ್ ಇರುದು ಕಣ್ಣೂರು ಪೇಟೆಯಲ್ಲಲ್ಲ, ಮಟ್ಟನ್ನೂರಿನಲ್ಲಿ, ಆ ಲೆಕ್ಕ ಹಾಕಿ ಹೊರಡಿ. ಬಜ್ಪೆಗೆ ಹೋಗುವವರು ತೊಕ್ಕೊಟ್ಟು, ಪಂಪ್‌ವೆಲ್ ಬ್ಲಾಕಿಗೆ ಅಂತ ಸಮಯ ಜಾಸ್ತಿ ಇಟ್ಕೊಳ್ಳಿ. ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರ್ಬೇಕು, ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಬಂದ್ ಆಗ್ತದೆ. ಗೇಟಲ್ಲಿ ಏರ್‌ಪೋರ್ಟ್ ಕಾಯುವ ಸಿಐಎಸ್‌ಎಫ್‌ನವರು ಟಿಕೆಟ್, ಪಾಸ್‌ಪೋರ್ಟ್ ನೋಡ್ತಾರೆ, ಆಮೇಲೆ ಚೆಕ್-ಇನ್, ಇಮಿಗ್ರೇಶನ್, ಸೆಕ್ಯುರಿಟಿ, ಕೊನೆಗೆ ಬೋರ್ಡಿಂಗ್ ಗೇಟ್. ಮೊದಲು ತುಂಬಿಸ್ಬೇಕಿದ್ದ ಡಿಪಾರ್ಚರ್ ಫಾರ್ಮ್ 2017ರ ಜುಲೈಯಿಂದ ನಮ್ಮವರಿಗೆ ಇಲ್ಲ. ನಡೀಲಿಕ್ಕೆ ಕಷ್ಟ ಇರುವ ಹಿರಿಯರಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿ, ನಾಚಿಕೆ ಪಡುವ ವಿಷಯವೇ ಅಲ್ಲ, ಕರ್ಕೊಂಡು ಹೋಗುವವರು ಇಮಿಗ್ರೇಶನ್ ದಾಟಿಸಿ ವಿಮಾನದ ಬಾಗಿಲವರೆಗೂ ಜೊತೆಗಿರ್ತಾರೆ. ಮೈಮೇಲೆ ತುಂಬ ಬಂಗಾರ ಹಾಕಿ ಹೋಗುವ ಹೆಂಗಸರು ಹೊರಡುವಾಗಲೇ ಕಸ್ಟಮ್ಸಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ವಾಪಸ್ ಬರುವಾಗ ಇದು ನನ್ನದೇ ಅಂತ ಹೇಳ್ಲಿಕ್ಕೆ ಅದೊಂದೇ ಗಟ್ಟಿ ದಾಖಲೆ.

ವಾಪಸ್ ಬರುವಾಗ ಎರಡು ದಾರಿ, ಹೇಳ್ಲಿಕ್ಕೆ ಎಂತದೂ ಇಲ್ಲದವರಿಗೆ ಗ್ರೀನ್, ಇರುವವರಿಗೆ ರೆಡ್. ಡ್ಯೂಟಿ ಇಲ್ಲದೆ ಎಷ್ಟು ರೂಪಾಯಿಯ ಸಾಮಾನು ತರಬಹುದು ಅನ್ನುದು 2016ರ ಬ್ಯಾಗೇಜ್ ರೂಲ್ಸಲ್ಲಿ 50,000 ಇತ್ತು, ಈ ಮಿತಿ ಪರಿಷ್ಕರಣೆ ಆಗ್ತಾ ಇರ್ತದೆ, ಬರುವ ವಾರ ಕಸ್ಟಮ್ಸ್ ವೆಬ್‌ಸೈಟ್ ತೆರೆದು ನೋಡುದು ಒಳ್ಳೇದು. ಬಂಗಾರದ ಆಭರಣ ಒಂದು ವರ್ಷಕ್ಕಿಂತ ಜಾಸ್ತಿ ಹೊರಗೆ ಇದ್ದು ಬರುವವರಿಗೆ ಮಾತ್ರ ಫ್ರೀ, ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ. ನಾಣ್ಯ, ಬಿಸ್ಕೆಟ್ ಆಭರಣದ ಲೆಕ್ಕಕ್ಕೆ ಬರುದಿಲ್ಲ. ತಿಂಗಳು ವಿಸಿಟಿಗೆ ಹೋಗಿ ಬರುವ ಅಪ್ಪ ಅಮ್ಮನಿಗೆ ಈ ರಿಯಾಯ್ತಿಯೇ ಇಲ್ಲ, ಇದು ತುಂಬ ಜನರಿಗೆ ಗೊತ್ತಿಲ್ಲ. ಟಿವಿಗೆ 2013ರಿಂದ ಡ್ಯೂಟಿ ಉಂಟು. ವಿದೇಶಿ ನೋಟು 5,000 ಡಾಲರಿಗಿಂತ ಜಾಸ್ತಿ, ಅಥವಾ ಟ್ರಾವೆಲರ್ಸ್ ಚೆಕ್ ಸೇರಿ 10,000 ದಾಟಿದ್ರೆ ಡಿಕ್ಲೇರ್ ಮಾಡ್ಬೇಕು.

ಇನ್ನೊಬ್ಬರ ಬಂಗಾರ ತಂದು ಕೊಟ್ರೆ ಟಿಕೆಟ್ ಫ್ರೀ, ಮೇಲೆ ಇಷ್ಟು ದುಡ್ಡು ಅಂತ ಹೇಳುವವರು ನಮ್ಮ ಊರಿನ ಹುಡುಗರಿಗೆ ಅಲ್ಲಿ ಸಿಕ್ಕೇ ಸಿಗ್ತಾರೆ. ಸಿಕ್ಕಿಬಿದ್ರೆ ಕೇಸು ಆ ಹುಡುಗನ ಮೇಲೆ, ಪಾಸ್‌ಪೋರ್ಟ್ ಹೋಗ್ತದೆ, ಕೆಲಸ ಹೋಗ್ತದೆ, ಸಿಗದಿದ್ರೂ ಬಂಗಾರದ ವಿಷಯದಲ್ಲಿ ಆ ಜನ ಮನೆಯ ಬಾಗಿಲಿಗೆ ಬರ್ತಾರೆ. ಮನೆಯಲ್ಲಿ ಹುಡುಗರು ಹೊರಡುವಾಗ ಈ ಮಾತನ್ನು ಬಿಡಿಸಿ ಹೇಳಿ.

ಡ್ಯೂಟಿ ಕಟ್ಟಬೇಕಾ ಬೇಡವಾ ಅಂತ ಡೌಟ್ ಇದ್ರೆ ರೆಡ್ ಚಾನೆಲಿಗೆ ಹೋಗಿ ಕೇಳಿ, ಕೇಳಿದ್ದಕ್ಕೆ ಯಾರೂ ಹಿಡೀಲಿಕ್ಕಿಲ್ಲ, ಗ್ರೀನಲ್ಲಿ ಹೋಗಿ ಸಿಕ್ಕಿಬಿದ್ರೆ ಮಾತ್ರ ಬಚ್ಚಿಟ್ಟದ್ದು ಅಂತ ಆಗ್ತದೆ. ಕಟ್ಟಿದ ದುಡ್ಡಿಗೆ ರಶೀದಿ ತಗೊಳ್ದೆ ಕೌಂಟರ್ ಬಿಡ್ಬೇಡಿ. ಮತ್ತೆ ಬ್ಯಾಗ್ ಬರದಿದ್ರೆ, ಹರಿದಿದ್ರೆ, ಬೆಲ್ಟಿನ ಹತ್ರವೇ ಏರ್‌ಲೈನಿನವರಲ್ಲಿ ಕಂಪ್ಲೇಂಟ್ ಬರೆಸಿ ಕಾಪಿ ಇಟ್ಕೊಂಡು ಹೊರಗೆ ಬನ್ನಿ, ಒಂದು ಸಲ ಬಾಗಿಲು ದಾಟಿದ್ರೆ ಮತ್ತೆ ಒಳಗೆ ಬಿಡುದಿಲ್ಲ.