ಜನರೇಟರ್ ಬಿಟ್ಟು ಬ್ಯಾಟರಿ ಗರಗಸ: ಸೆಂಟ್ರಿಂಗ್ ಕೆಲಸದಲ್ಲಿ ನನ್ನ ಅನುಭವ

ಈ ಬೇಸಿಗೆಯಲ್ಲಿ ಕಾರಟಗಿಯ ಹತ್ತಿರ ಒಂದು ಗೋದಾಮಿನ ಕಟ್ಟಡಕ್ಕೆ ಹಾಕಿದ ಸ್ಲ್ಯಾಬ್ ಸುಮಾರು 1,800 ಚದರ ಅಡಿಯದು. ಅದರ ಸೆಂಟ್ರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವ ತಾತ್ಕಾಲಿಕ ಅಚ್ಚಿಗೆ, ಬೇಕಾದ ಪ್ಲೈ, ರೀಪರ್ (ಮರದ ಪಟ್ಟಿ), ಬೀಮಿನ ಪಕ್ಕದ ಹಲಗೆ ಎಲ್ಲವನ್ನೂ ಒಂದು ಲೀಟರ್ ಪೆಟ್ರೋಲನ್ನೂ ಸುಡದೆ ಬ್ಯಾಟರಿ ಗರಗಸದಿಂದಲೇ ಕೊಯ್ದು ಮುಗಿಸಿದೆವು. ನಾನು ಈ ಮಷಿನ್ ತಂದಾಗ ಗಂಗಾವತಿಯ ಹಿರಿಯ ಮೇಸ್ತ್ರಿಯೊಬ್ಬರು ಕೈಯಲ್ಲಿ ತೂಗಿ ನೋಡಿ, "ತಮ್ಮಾ, ಇದು ಹುಡುಗರ ಆಟಿಗಿ ಸಾಮಾನು, ಸೆಂಟ್ರಿಂಗ್‌ಗೆ ಬರಂಗಿಲ್ಲ" ಎಂದಿದ್ದರು. ಈಗ ಅವರೇ ಫೋನ್ ಮಾಡಿ ಬೆಲೆ ಕೇಳುತ್ತಿದ್ದಾರೆ. ಕೇಳುವವರು ಹೆಚ್ಚಾಗಿರುವುದರಿಂದ ಒಮ್ಮೆಲೇ ಬರೆದಿಡುತ್ತಿದ್ದೇನೆ.

ಮೊದಲು ಖರ್ಚಿನ ವಿಷಯ. ಹೊಸ ಸೈಟಿಗೆ ತಾತ್ಕಾಲಿಕ ಮೀಟರ್ ಬರುವವರೆಗೆ ಪಕ್ಕದ ಪಂಪ್‌ಸೆಟ್ಟಿನಿಂದಲೋ ಯಾರದೋ ಮನೆಯಿಂದಲೋ ನೂರು ಮೀಟರ್ ವೈರ್ ಎಳೆದು ಕೆಲಸ ಮಾಡಿದ ಅನುಭವ ನಮ್ಮಲ್ಲಿ ಎಲ್ಲರಿಗೂ ಇದೆ. ಒಂದು ಚದರ ಮಿ.ಮೀ. ತಾಮ್ರದ ವೈರ್ ಅಷ್ಟು ದೂರ ಹೋಗಿಬಂದರೆ, 1,200 ವ್ಯಾಟಿನ ಮಷಿನ್ ಓಡುವಾಗ 18-20 ವೋಲ್ಟನ್ನು ಅದೇ ನುಂಗುತ್ತದೆ. ಲೈನೇ ಸಂಜೆ 190 ವೋಲ್ಟಿಗೆ ಇಳಿದಿದ್ದರೆ ಮಷಿನ್ ನರಳುತ್ತದೆ, ಬಿಸಿಯಾಗುತ್ತದೆ, ಕಡೆಗೆ ಮೋಟರಿನೊಳಗೆ ತಿರುಗುವ ತಂತಿಸುರುಳಿ, ಅಂದರೆ ಆರ್ಮೇಚರ್, ಸುಡುತ್ತದೆ. ಅದನ್ನು ಒಂದು ಸಲ ಮತ್ತೆ ಕಟ್ಟಿಸಲು 1,200ರಿಂದ 1,500 ರೂಪಾಯಿ ಆಗುತ್ತಿತ್ತು. ಇದು ಬೇಡವೆಂದು ಜನರೇಟರ್ ತಂದರೆ ಬಾಡಿಗೆ 700-800, ಪೆಟ್ರೋಲ್ ನಾಲ್ಕೈದು ಲೀಟರ್, ಒಟ್ಟಿನಲ್ಲಿ ದಿನಕ್ಕೆ 1,200 ರೂಪಾಯಿ ಕೈಬಿಡುತ್ತಿತ್ತು. ಇದಲ್ಲದೆ ಸೆಂಟ್ರಿಂಗ್‌ಗೆ ಆಸರೆ ಕೊಡುವ ಪ್ರಾಪ್‌ಗಳ ನಡುವೆ ವೈರ್ ಸಿಕ್ಕಿಕೊಳ್ಳದಂತೆ ಎಳೆದಾಡಲು ಒಬ್ಬ ಹುಡುಗ ಬೇಕು, ಅವನ ಪಗಾರ ಬೇರೆ.

ಮೊದಲು ಕೊಂಡ ಬ್ಯಾಟರಿ ಗರಗಸ ಕೆಲಸಕ್ಕೆ ಬರಲಿಲ್ಲ. ಹೆಸರಿಲ್ಲದ ಮಾಲು, ಸುಮಾರು 6,000 ರೂಪಾಯಿ, ಮೈಮೇಲೆ ದಪ್ಪ ಅಕ್ಷರದಲ್ಲಿ 48 ವೋಲ್ಟ್ ಎಂದು ಬರೆದಿತ್ತು. ಹಸಿ ನೀಲಗಿರಿ ಕಂಬದಲ್ಲಿ ಎರಡು ಇಂಚು ಇಳಿಯುವಷ್ಟರಲ್ಲಿ ಬ್ಲೇಡ್ ನಿಂತುಬಿಡುತ್ತಿತ್ತು. ಸಿಟ್ಟಿನಿಂದ ಬ್ಯಾಟರಿಯ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ಐದೇ ಸೆಲ್, ಅವೂ ಸರಣಿಯಲ್ಲಿ. ಒಂದೊಂದು 3.6 ವೋಲ್ಟ್ ಎಂದರೆ ಒಟ್ಟು 18. ಮೈಮೇಲಿನ 48 ಎಲ್ಲಿಂದ ಬಂತೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಹಣ ವಾಪಸು ಬರಲಿಲ್ಲ. ಒಳ್ಳೆಯ ಕಂಪನಿಯ ಮಾಲಿನ ಮೇಲೂ ಕೆಲವು ಕಡೆ 20 ವೋಲ್ಟ್ ಎಂದು ಬರೆದಿರುತ್ತದೆ. ಅದು ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ, ಕೆಲಸದಲ್ಲಿ ಅದೂ 18 ವೋಲ್ಟಿನದೇ.

ಆಮೇಲೆ ಕೊಂಡದ್ದು 18 ವೋಲ್ಟಿನ ಬ್ರಷ್‌ಲೆಸ್ (ಒಳಗೆ ಉಜ್ಜುವ ಕಾರ್ಬನ್ ಬ್ರಷ್ ಇಲ್ಲದ) ಮೋಟರಿನ, 165 ಮಿ.ಮೀ. ಬ್ಲೇಡಿನ ಮಷಿನ್. 5 ಆಂಪಿಯರ್-ಅವರಿನ ಎರಡು ಬ್ಯಾಟರಿ, ಚಾರ್ಜರ್ ಸೇರಿ 30,000ದ ಆಸುಪಾಸು. ಶಕ್ತಿಯ ಬಗ್ಗೆ ಅನುಮಾನ ಇರುವವರಿಗೆ ಹೇಳುವುದಿಷ್ಟು: 12 ಮಿ.ಮೀ. ಸೆಂಟ್ರಿಂಗ್ ಪ್ಲೈಯನ್ನು ಎಂಟು ಅಡಿ ಉದ್ದಕ್ಕೆ ಕೊಯ್ದರೆ ಒಂದು ಬ್ಯಾಟರಿಗೆ ಅಂಥ 30 ಕೊಯ್ತಗಳವರೆಗೆ ಬರುತ್ತವೆ, 3×2 ಇಂಚಿನ ರೀಪರ್ ಅಡ್ಡ ಕೊಯ್ದರೆ ನೂರಕ್ಕೂ ಹೆಚ್ಚು. ಬ್ಲೇಡ್ ನೇರ ನಿಂತಾಗ 57 ಮಿ.ಮೀ. ಆಳಕ್ಕೆ ಹೋಗುತ್ತದೆ; ಮೂರು ಇಂಚು ದಪ್ಪದ ಮರವಾದರೆ ತಿರುಗಿಸಿ ಎರಡು ಕಡೆಯಿಂದ ಕೊಯ್ಯಬೇಕು. ನನ್ನ ಮಷಿನಿನಲ್ಲಿ ಬ್ಲೇಡ್ ಎಡಗಡೆ ಇದೆ, ಬಲಗೈಯಲ್ಲಿ ಹಿಡಿದವನಿಗೆ ಗೀಟು ಕಣ್ಣೆದುರಿಗೇ ಕಾಣುತ್ತದೆ. ಟ್ರಿಗರ್ ಬಿಟ್ಟ ಕೂಡಲೇ ಬ್ರೇಕ್ ಹಿಡಿದು ಬ್ಲೇಡ್ ನಿಲ್ಲುತ್ತದೆ. ಹಳೆಯ ವೈರಿನ ಮಷಿನ್ ಕೆಳಗಿಟ್ಟ ಮೇಲೂ ತಿರುಗುತ್ತ ಇರುತ್ತಿದ್ದುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಆದರೆ ಬ್ಲೇಡ್ ಸರಿ ಇಲ್ಲದಿದ್ದರೆ ಒಂದು ಬ್ಯಾಟರಿಯ ಕೊಯ್ತದ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ವೈರಿನ ಮಷಿನಿಗೆ ಹಾಕುವ ದಪ್ಪ ಬ್ಲೇಡ್ ಇದಕ್ಕೆ ಬೇಡ. 1.6 ಮಿ.ಮೀ. ಅಗಲ ಮಾತ್ರ ಕೊಯ್ಯುವ ತೆಳು ಬ್ಲೇಡ್, 24 ಹಲ್ಲಿನದು, ದಿನದ ಕೆಲಸಕ್ಕೆ ಸಾಕು. ಎದುರಿಗೆ ಕಾಣುವ ಪ್ಲೈ ಇದ್ದರೆ 40 ಹಲ್ಲಿನದು. ಎರಡು ಮೂರು ಸ್ಲ್ಯಾಬ್ ಕಂಡ ಪ್ಲೈಗೆ ಒಣಗಿದ ಸಿಮೆಂಟ್ ಹಾಲು ಅಂಟಿರುತ್ತದೆ, ಅದನ್ನು ಕೆರೆಯದೆ ಕೊಯ್ದರೆ ಒಂದೇ ಮಧ್ಯಾಹ್ನದಲ್ಲಿ ಹಲ್ಲು ಮೊಂಡಾಗುತ್ತದೆ. ಮೊಂಡಾದದ್ದನ್ನು ಕಿವಿಗಿಂತ ಮೊದಲು ಮೂಗು ಹೇಳುತ್ತದೆ: ಪ್ಲೈಯ ಅಂಟು ಸುಟ್ಟ ಘಾಟು ಬರುತ್ತದೆ, ಕೊಯ್ದ ಅಂಚು ಕಂದುಗಪ್ಪಾಗುತ್ತದೆ, ಹಿಡಿಕೆಯ ಹಿಂದೆ ಬ್ಯಾಟರಿ ಅಂಗೈಗೆ ಬಿಸಿ ತಾಗುತ್ತದೆ. ಬ್ಲೇಡುಗಳನ್ನು ರಾಯಚೂರಿನಲ್ಲಿ ಒಬ್ಬರ ಬಳಿ ಸಾಣೆ ಹಿಡಿಸುತ್ತೇನೆ. ಯಾವ ಕೋನಕ್ಕೆ ಹಿಡಿಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡಿನ ವಿಷಯ, ಅದನ್ನು ಬಿಟ್ಟು ಉಳಿದದ್ದನ್ನು ಕೇಳಿ.

ನಿಜವಾದ ತೊಂದರೆ ಶಕ್ತಿಯದಲ್ಲ, ಬಿಸಿಲಿನದು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ, ಸೆಂಟ್ರಿಂಗ್ ಶೀಟಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಅದರ ಮೇಲೆ ಇಟ್ಟ ಬ್ಯಾಟರಿಯನ್ನು ತಂದು ಚಾರ್ಜರಿಗೆ ಹಾಕಿದರೆ ದೀಪ ಮಿಣುಕುತ್ತದೆ, ಚಾರ್ಜ್ ಆಗುವುದಿಲ್ಲ. ಚಾರ್ಜರ್ ಕೆಟ್ಟಿತೆಂದು ಬಹಳ ಜನ ಅಂಗಡಿಗೆ ಓಡುತ್ತಾರೆ. ಅದು ಕೆಟ್ಟಿರುವುದಿಲ್ಲ, ಸೆಲ್ ತಣ್ಣಗಾಗುವವರೆಗೆ ಅದು ಕಾಯುತ್ತಿರುತ್ತದೆ. ಎರಡೇ ಬ್ಯಾಟರಿ ಇದ್ದಾಗ ನಾವು ಹೀಗೆ ಕೈಕಟ್ಟಿ ಕೂತ ಹೊತ್ತಿನ ಪಗಾರವೇ ಇನ್ನೊಂದು ಬ್ಯಾಟರಿಯ ಬೆಲೆಯಷ್ಟಾಗಿರಬೇಕು. ಈಗ ನಾಲ್ಕು ಇಟ್ಟಿದ್ದೇನೆ: ಒಂದು ಮಷಿನಿನಲ್ಲಿ, ಒಂದು ತಯಾರಾಗಿ, ಒಂದು ಚಾರ್ಜರಿನಲ್ಲಿ, ಒಂದು ತಣ್ಣಗಾಗಲು. ತಣ್ಣಗಾಗುವುದನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಹೊರಗೆ ಒದ್ದೆ ಗೋಣಿಚೀಲ ಸುತ್ತಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕುತ್ತೇವೆ. ಒಳಗೆ ಹನಿ ನೀರೂ ಇಳಿಯಬಾರದು. ಡಬ್ಬಿಯ ತಳಕ್ಕೆ ನಾನು ಹಾಕುವ ವಸ್ತು ಯಾವುದೆಂದು ಹುಡುಗರಿಗೂ ಹೇಳಿಲ್ಲ. ಅದಿಲ್ಲದಿದ್ದರೂ ಅರ್ಧ ಗಂಟೆಯಲ್ಲಿ ಬ್ಯಾಟರಿ ಚಾರ್ಜರಿಗೆ ಒಪ್ಪುವಷ್ಟು ತಣ್ಣಗಾಗುತ್ತದೆ. ಚಾರ್ಜರ್ ಸೈಟಿನಲ್ಲಿ ಇರುವುದಿಲ್ಲ, ಹತ್ತಿರದ ಚಹಾ ಅಂಗಡಿಯಲ್ಲಿ ಇರುತ್ತದೆ. ಒಂದು ಬ್ಯಾಟರಿಯಲ್ಲಿ ಹಿಡಿಯುವುದು 90 ವ್ಯಾಟ್-ಅವರ್, ಅಂದರೆ ನಾಲ್ಕನ್ನೂ ಎರಡು ಸುತ್ತು ತುಂಬಿಸಿದರೂ ಒಂದು ಯೂನಿಟ್ಟಿನ ಹತ್ತಿರ ಆಗುತ್ತದೆ. ನಮ್ಮ ಗ್ಯಾಂಗಿನ ಚಹಾದಲ್ಲೇ ಅಂಗಡಿಯವನಿಗೆ ಅದು ಗಿಟ್ಟುತ್ತದೆ.

ಚಾರ್ಜಿಗೆ ಸೌರ ಫಲಕವನ್ನೂ ನೋಡಿದ್ದಾಯಿತು. ನೂರು ವ್ಯಾಟಿನ ಫಲಕ, ಹಳೆಯ ಗಾಡಿ ಬ್ಯಾಟರಿ, ಅಗ್ಗದ ಇನ್ವರ್ಟರ್ ಸೇರಿಸಿದಾಗ ಚಾರ್ಜರ್ ಗುಂಯ್‌ಗುಟ್ಟಿ ಬಿಸಿಯಾಗತೊಡಗಿತು. ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಶುದ್ಧ ಸೈನ್ ವೇವ್ ಇನ್ವರ್ಟರ್ ಹಾಕಿದ ಮೇಲೆ ಸದ್ದು ನಿಂತಿತು, ದಿನಕ್ಕೆ ಮೂರು ಬ್ಯಾಟರಿ ತುಂಬಿದವು. ಕರೆಂಟೇ ಇಲ್ಲದ ಗುಡ್ಡದ ಕಡೆಯ ಕೆಲಸಕ್ಕೆ ಇದು ಆಗಬಹುದು, ಊರೊಳಗೆ ಹೊರುವ ಕಷ್ಟ ಹೆಚ್ಚು.

ಇನ್ನೊಂದು ಪ್ರಯೋಗ ಬಳ್ಳಾರಿ ಜಾಲಿಯ ಮೇಲೆ ನಡೆಯಿತು. ಪಾಯ ತೋಡುವ ಮುನ್ನ ಸೈಟ್ ತುಂಬ ಬೆಳೆದ ಜಾಲಿ ತೆಗೆಯಬೇಕಿತ್ತು. ಅದೇ ಬ್ಯಾಟರಿ ಕೂರುವ, ಹಿಂದೆ ಮುಂದೆ ಆಡುವ ಗರಗಸವನ್ನು ಬಾಡಿಗೆಗೆ ತಂದು ಹಚ್ಚಿದೆವು. ತೋಳಿನ ದಪ್ಪದವರೆಗೆ ಚೆನ್ನಾಗಿ ಕೊಯ್ದಿತು, ತೊಡೆಯ ದಪ್ಪಕ್ಕೆ ಬಂದಾಗ ಕೈ ಜೋಮು ಹಿಡಿಯಿತು, ಬ್ಯಾಟರಿ ಬೇಗ ಖಾಲಿಯಾಯಿತು. ದಪ್ಪ ಬೊಡ್ಡೆಗಳಿಗೆ ಕೊಡಲಿಯವರೇ ಬರಬೇಕಾಯಿತು. ಆದರೆ ಅದೇ ಗರಗಸ ಕುಷ್ಟಗಿ ಕಡೆಯ ಒಂದು ಹಳೆಯ ಮಾಳಿಗೆ ಮನೆ ಬಿಚ್ಚುವಾಗ ಬಹಳ ಉಪಯೋಗಕ್ಕೆ ಬಂತು. ಜಂತಿಗಳಲ್ಲಿ ಮುರಿದು ಉಳಿದ ಮೊಳೆಗಳನ್ನು, ಮರಕ್ಕೂ ಕಬ್ಬಿಣಕ್ಕೂ ನಡೆಯುವ ಬ್ಲೇಡ್ ಹಾಕಿ ಮರದ ಜೊತೆಗೇ ಕೊಯ್ದೆವು. ಜಂತಿ ಸೀಳಲಿಲ್ಲ, ಧಣಿಗೆ ಹಳೆಯ ಕಟ್ಟಿಗೆಗೆ ಒಳ್ಳೆಯ ಬೆಲೆ ಸಿಕ್ಕಿತು.

ಒಟ್ಟು ಲೆಕ್ಕ ಹೀಗಿದೆ. ಮಷಿನ್ 30,000, ಹೆಚ್ಚಿನ ಎರಡು ಬ್ಯಾಟರಿ 15,000, ಬ್ಲೇಡ್ ಮತ್ತು ಸಾಣೆ 4-5 ಸಾವಿರ, ಎಲ್ಲ ಸೇರಿ 50,000. ಜನರೇಟರಿನ ದಿನದ 1,200 ಉಳಿಯುವುದರಿಂದ ಕೊಯ್ಯುವ ಕೆಲಸವಿದ್ದ ನಲವತ್ತು ದಿನಗಳ ಸುಮಾರಿಗೆ ಅಸಲು ಮುಟ್ಟಿತು; ವೈರ್ ಹುಡುಗನ ಪಗಾರವನ್ನು ಇದರಲ್ಲಿ ಹಿಡಿದಿಲ್ಲ. ತಿಂಗಳಿಗೆ ನಾಲ್ಕು ದಿನ ಮಾತ್ರ ಗರಗಸ ಹಿಡಿಯುವವರಿಗೆ ಇದು ಬೇಡ, ಬಾಡಿಗೆ ಜನರೇಟರೇ ಲೇಸು. ವರ್ಕ್‌ಶಾಪಿನಲ್ಲಿ ಇಡೀ ದಿನ ಬಾಗಿಲ ಚೌಕಟ್ಟಿನ ಮರ ಸೀಳುವುದಕ್ಕೆ ನಾನೂ ವೈರಿನ ಟೇಬಲ್ ಮಷಿನನ್ನೇ ಇಟ್ಟುಕೊಂಡಿದ್ದೇನೆ. ಸ್ಲ್ಯಾಬ್ ಕೆಲಸಕ್ಕೆ ಐದನೆಯ ಬ್ಯಾಟರಿ ಕೊಳ್ಳಬೇಕೆಂದು ಹುಡುಗರು ಹೇಳುತ್ತಿದ್ದಾರೆ. ನಾನು ಅದರ ಬದಲು ಫ್ಯಾನ್ ಇರುವ ಎರಡನೆಯ ಚಾರ್ಜರ್ ನೋಡುತ್ತಿದ್ದೇನೆ.