ಮಳೆಗಾಲ ತಾಳುವ ಚರ್ಮದ ಬೆಲ್ಟ್: ಕರಾವಳಿಯಲ್ಲಿ ಮಾಡಿಕೊಳ್ಳುವ ಬಗೆ

ಬಾಳೆಕಾಯಿಯನ್ನು ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಹೆಚ್ಚಿದವರಿಗೆ ಗೊತ್ತು, ಅಲಗು ತಾಗಿದ ಹೋಳು ನೋಡನೋಡುತ್ತಲೇ ಕಪ್ಪಾಗುತ್ತದೆ. ಕಾಯಿಯ ಒಗರೂ ಕಬ್ಬಿಣವೂ ಸೇರಿದಾಗ ಹುಟ್ಟುವ ಬಣ್ಣ ಅದು. ನಾನು ಮೊದಲು ಮಾಡಿದ ಚರ್ಮದ ಬೆಲ್ಟಿಗೆ ಆದದ್ದೂ ಅದೇ. ಮೇ ತಿಂಗಳಲ್ಲಿ ಮುಗಿಸಿದ ಜೇನುಬಣ್ಣದ ಬೆಲ್ಟನ್ನು ಜುಲೈಯಲ್ಲಿ ಕಪಾಟಿನಿಂದ ತೆಗೆದರೆ ಬಕಲಿನ ಸುತ್ತ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ. ಚರ್ಮ ಒಳ್ಳೆಯದೇ ಇತ್ತು, ಹೊಲಿಗೆಯೂ ಗಟ್ಟಿಯಿತ್ತು. ಹಿತ್ತಾಳೆಯೆಂದು ಅಂಗಡಿಯಲ್ಲಿ ಕೊಟ್ಟಿದ್ದ ಬಕಲಿನ ಒಳಗೆ ಇದ್ದದ್ದು ಕಬ್ಬಿಣ, ಮೇಲೆ ತೆಳ್ಳನೆಯ ಲೇಪ.

ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಉಡುಪಿಯದೂ ಅದೇ ಪಾಡು. ನಾಲ್ಕು ತಿಂಗಳು ಗಾಳಿಯೇ ಒದ್ದೆ, ಮಿಕ್ಕ ತಿಂಗಳು ಉಪ್ಪುಗಾಳಿ. ಒಣಹವೆಯ ಊರಿನವರ ವಿಡಿಯೊ ನೋಡಿ ಹಾಗೇ ಮಾಡಿದರೆ ಇಲ್ಲಿ ಎರಡು ಮಳೆಗಾಲವೂ ಬಾಳುವುದಿಲ್ಲ. ಆದ್ದರಿಂದ ಚರ್ಮ, ಲೋಹ, ದಾರ, ಎಣ್ಣೆ ಎಲ್ಲವನ್ನೂ ನೀರನ್ನು ನೆನಪಿಟ್ಟುಕೊಂಡೇ ಆರಿಸಬೇಕು.

ಮೊದಲು ಚರ್ಮ

ತೊಗಲನ್ನು ಹದ ಮಾಡುವ ದಾರಿ ಮುಖ್ಯವಾಗಿ ಎರಡು. ಜಾಲಿ ಅಥವಾ ತಂಗಡಿ ತೊಗಟೆ, ಅಳಲೆಕಾಯಿಯಂಥವುಗಳ ಒಗರಿನಲ್ಲಿ ವಾರಗಟ್ಟಲೆ ನೆನೆಸಿದ್ದು ವೆಜ್ ಟ್ಯಾನ್. ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನದಲ್ಲೇ ಮುಗಿಸಿದ್ದು ಕ್ರೋಮ್ ಟ್ಯಾನ್. ಯಕ್ಷಗಾನದ ಚೆಂಡೆಯ ಮೇಲಿರುವುದು ಎರಡೂ ಅಲ್ಲ, ಹದ ಮಾಡದೆ ಒಣಗಿಸಿದ ಹಸಿ ತೊಗಲು. ತೇವದ ಗಾಳಿಗೆ ಅದು ಸಡಿಲವಾಗುವುದು ಅದಕ್ಕೇ.

ಬೆಲ್ಟಿಗೆ ವೆಜ್ ಟ್ಯಾನ್ ಒಳ್ಳೆಯದು. ಬಿಗಿಯಾಗಿರುತ್ತದೆ, ಅಂಚು ನುಣುಪಾಗುತ್ತದೆ, ದಿನ ಹೋದಂತೆ ಬಣ್ಣ ಮಾಗುತ್ತದೆ. ಆದರೆ ಬೂಷ್ಟು ಇದಕ್ಕೇ ಬೇಗ ಹಿಡಿಯುವುದು. ಮಳೆಯಲ್ಲಿ ದಿನವೂ ನೆನೆಯುವ ಚೀಲಕ್ಕಾದರೆ ನಾನು ಕ್ರೋಮ್ ಟ್ಯಾನ್ ಆರಿಸುತ್ತೇನೆ. ಗುರುತು ಹಿಡಿಯಲು ಕತ್ತರಿಸಿದ ಅಂಚು ನೋಡಿ. ಅಂಚಿನ ನಡುವೆ ನೀಲಿ ಛಾಯೆಯ ಬೂದು ಗೆರೆ ಕಂಡರೆ ಸಾಮಾನ್ಯವಾಗಿ ಕ್ರೋಮ್. ಬಣ್ಣ ಹಾಕದ ವೆಜ್ ಟ್ಯಾನ್ ಮೇಲೆ ಒಂದು ಹನಿ ನೀರು ಬಿಟ್ಟರೆ ಕುಡಿದು ಗಾಢವಾಗುತ್ತದೆ. ಅಂಚಿನಲ್ಲಿ ಬಟ್ಟೆಯ ಎಳೆ ಕಂಡರೆ ಅದು ರೆಕ್ಸಿನ್, ಕೆಳಗಿಟ್ಟುಬಿಡಿ.

ಚರ್ಮ ಚದರ ಅಡಿ ಲೆಕ್ಕದಲ್ಲಿ ಸಿಗುತ್ತದೆ. ದಕ್ಷಿಣದ ಬಹಳಷ್ಟು ಚರ್ಮ ಹದಗೊಳ್ಳುವುದು ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳಲ್ಲಿ. ಒಂದು ಬೆಲ್ಟಿಗೆ ಇಡೀ ಹಾಳೆ ಬೇಡ, ಕತ್ತರಿಸಿದ ಪಟ್ಟಿಯನ್ನೇ ತರಿಸಿಕೊಳ್ಳಬಹುದು. ದಪ್ಪ 3.5ರಿಂದ 4 ಮಿ.ಮೀ. ಇರಲಿ, ಬೆನ್ನಿನ ಭಾಗದ್ದೇ ಇರಲಿ. ಹೊಟ್ಟೆಯ ಭಾಗದ ಚರ್ಮ ಎಳೆದಷ್ಟೂ ಬರುತ್ತದೆ. ಆರು ತಿಂಗಳಲ್ಲಿ ಬೆಲ್ಟು ಒಂದು ತೂತು ಉದ್ದವಾಗಿರುತ್ತದೆ.

ಬಕಲು ಮತ್ತು ಸ್ಕ್ರೂ

ಇಲ್ಲಿ ಅವಸರ ಬೇಡ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಬಕಲು ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ಬಕಲಿನ ನಾಲಗೆಯನ್ನೂ ಬೇರೆಯಾಗಿ ನೋಡಬೇಕು, ಚೌಕಟ್ಟು ಹಿತ್ತಾಳೆಯಾಗಿದ್ದು ನಾಲಗೆ ಮಾತ್ರ ಕಬ್ಬಿಣದ್ದಿರುವುದು ಉಂಟು. ಅಂಟದಿದ್ದ ಮಾತ್ರಕ್ಕೆ ಹಿತ್ತಾಳೆ ಎನ್ನುವಂತಿಲ್ಲ, ಸತುವಿನ ಮಿಶ್ರಲೋಹವೂ ಅಂಟುವುದಿಲ್ಲ. ಕೊಂಡ ಮೇಲೆ ಹಿಂಬದಿಯಲ್ಲಿ ಅರದಿಂದ ಸ್ವಲ್ಪ ಉಜ್ಜಿ. ಒಳಗೂ ಹಳದಿಯೇ ಇದ್ದರೆ ಹಿತ್ತಾಳೆ, ಬೂದುಬಣ್ಣ ಕಂಡರೆ ಸತು. ಸತುವಿನದು ನಾಲಗೆ ಕೂರುವ ಕಡೆ ಮುರಿಯುತ್ತದೆ.

ನಿಕಲ್ ಲೇಪದ ಬಕಲು ಹೊಕ್ಕುಳಿನ ಕೆಳಗೆ ಬೆವರಿಗೆ ತಾಗಿ ಕೆಲವರಿಗೆ ತುರಿಕೆ ಬರಿಸುತ್ತದೆ. ನಮ್ಮ ಸೆಕೆಗೆ ಅದು ಬೇಡವೇ ಬೇಡ. ಸಮುದ್ರದ ಹತ್ತಿರವೇ ಕೆಲಸ ಮಾಡುವವರಿಗೆ ಸ್ಟೇನ್‌ಲೆಸ್ ಸ್ಟೀಲ್, ಉಳಿದವರಿಗೆ ಗಟ್ಟಿ ಹಿತ್ತಾಳೆ. ಹಿತ್ತಾಳೆಗೂ ಒಂದು ಕಾಟವಿದೆ: ಚರ್ಮದ ಕೊಬ್ಬಿನಂಶ ತಾಗಿದಲ್ಲಿ ಹಸಿರು ಕಿಲುಬು ಮೇಣದಂತೆ ಕೂರುತ್ತದೆ. ಅದನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೆಗೆದರಾಯಿತು, ಚರ್ಮ ಕಪ್ಪಾಗುವುದಿಲ್ಲ.

ಬಕಲನ್ನು ರಿವೆಟ್ಟಿನಿಂದ ಶಾಶ್ವತವಾಗಿ ಬಡಿಯುವ ಬದಲು ಎರಡು ಭಾಗದ ಚಿಕಾಗೊ ಸ್ಕ್ರೂ ಹಾಕುವುದು ನನ್ನ ಪದ್ಧತಿ, ಅದೂ ಹಿತ್ತಾಳೆಯದೇ. ಬಕಲು ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ತಾನಾಗಿ ಸಡಿಲವಾಗದಂತೆ ಸ್ಕ್ರೂವಿನ ಎಳೆಗೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿ ತಿರುಗಿಸಿ.

ಒದ್ದೆ ಚರ್ಮದ ಮೇಲೆ ಕಬ್ಬಿಣದ ಸ್ಕೇಲನ್ನೋ ಉಳಿಯನ್ನೋ ಇಟ್ಟು ಮರೆತರೂ ಅದೇ ಕಪ್ಪು ಕಲೆ. ಆಗಷ್ಟೇ ಬಿದ್ದದ್ದಾದರೆ, ಬಣ್ಣ ಹಾಕದ ಚರ್ಮದಲ್ಲಿ ಲಿಂಬೆರಸ ಸವರಿದರೆ ಮಾಸುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ.

ಅಳತೆ, ಕತ್ತರಿಕೆ, ಅಂಚು

ಈಗ ಕಟ್ಟುವ ಬೆಲ್ಟನ್ನೇ ಅಳೆಯಿರಿ. ಬಕಲು ಕೂತ ಮಡಿಕೆಯಿಂದ ನೀವು ಹಾಕುವ ತೂತಿನವರೆಗಿನ ಉದ್ದಕ್ಕೆ ತುದಿಯ ಕಡೆ 15 ಸೆಂ.ಮೀ., ಬಕಲಿನ ಮಡಿಕೆಗೆ 7 ಸೆಂ.ಮೀ. ಸೇರಿಸಿ. ಜೀನ್ಸಿಗೆ ಅಗಲ 38 ಮಿ.ಮೀ., ಆಫೀಸಿನ ಪ್ಯಾಂಟಿಗೆ 32. ಮಡಿಕೆಯ ಜಾಗವನ್ನು ಒಳಬದಿಯಿಂದ ಕೆತ್ತಿ ಅರ್ಧ ದಪ್ಪಕ್ಕೆ ಇಳಿಸಿ. ನಾಲಗೆ ಹಾಯಲು ಮಡಿಕೆಯ ನಡುವೆ 25 ಮಿ.ಮೀ. ಉದ್ದದ ಸೀಳು ಬೇಕು: ಎರಡು ತುದಿಗೆ ಪಂಚಿನಿಂದ ದುಂಡು ತೂತು ಹೊಡೆದು ನಡುವಿನದನ್ನು ಕೊಯ್ದು ತೆಗೆಯಿರಿ. ಬರಿಯ ಸೀಳು ಬಿಟ್ಟರೆ ಅಲ್ಲಿಂದಲೇ ಹರಿಯುತ್ತದೆ. ಇನ್ನೊಂದು ತುದಿಗೆ 25 ಮಿ.ಮೀ. ಅಂತರದಲ್ಲಿ ಐದು ತೂತು, ನಿಮ್ಮ ಅಳತೆಯದು ನಡುವೆ ಬರಲಿ.

ತುದಿಯನ್ನು ಹಿಡಿದಿಡುವ ಬಳೆಯನ್ನು 0.8 ಮಿ.ಮೀ. ಮೇಣದ ಪಾಲಿಯೆಸ್ಟರ್ ದಾರದಲ್ಲಿ, ಎರಡು ಸೂಜಿಯಿಂದ ಹೊಲಿಯಿರಿ. ಹತ್ತಿ ದಾರ ನಮ್ಮ ತೇವಕ್ಕೆ ಕೊಳೆಯುತ್ತದೆ. ಅಂಚನ್ನು 400 ನಂಬರಿನ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ನೀರು ತಾಗಿಸಿ, ಬಿಸಿಯಾಗುವವರೆಗೆ ದಪ್ಪ ಬಟ್ಟೆಯಲ್ಲಿ ಉಜ್ಜಿ, ಕೊನೆಗೆ ಜೇನುಮೇಣ ಸವರಿ. ಪುತ್ತೂರು, ಸುಳ್ಯದ ಕಡೆ ಜೇನು ಸಾಕುವವರಲ್ಲಿ ಒಳ್ಳೆಯ ಮೇಣ ಕೇಳಿ ನೋಡಿ.

ಎಣ್ಣೆ ಮತ್ತು ಮೇಣ

"ತೆಂಗಿನೆಣ್ಣೆ ಹಚ್ಚಿದರೆ ಸಾಲದಾ?" ಎಂದು ಎಲ್ಲರೂ ಕೇಳುತ್ತಾರೆ. ಹಚ್ಚಿದೊಡನೆ ಚರ್ಮ ಮೆದುವಾಗಿ ಹೊಳೆಯುವುದು ನಿಜ. ಆದರೆ ಡಿಸೆಂಬರಿನ ಬೆಳಿಗ್ಗೆ ಶೀಶೆಯೊಳಗೆ ಎಣ್ಣೆ ಹೆಪ್ಪುಗಟ್ಟುತ್ತದಲ್ಲ, 24 ಡಿಗ್ರಿಯ ಆಸುಪಾಸಿನಲ್ಲಿ, ಚರ್ಮದೊಳಗೂ ಹಾಗೆಯೇ. ಕೆಲವೊಮ್ಮೆ ಮೇಲಕ್ಕೆ ಬಂದು ಬಿಳಿ ಪುಡಿಯಂತೆ ನಿಲ್ಲುತ್ತದೆ. ಹೆಚ್ಚಾದ ಎಣ್ಣೆ ಬೂಷ್ಟಿಗೂ ಆಹಾರ. ಅಡುಗೆಯ ಸೂರ್ಯಕಾಂತಿ ಎಣ್ಣೆ ಇನ್ನೂ ಕಷ್ಟ, ಕಮಟು ವಾಸನೆ ಬಂದು ಜಿಗುಟಾಗುತ್ತದೆ.

ನಾನು ಬಳಸುವುದು ದನದ ಕಾಲಿನ ಎಲುಬಿನಿಂದ ತೆಗೆದ ನೀಟ್ಸ್‌ಫುಟ್ ಎಣ್ಣೆ. ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಒಮ್ಮೆ ಒರೆಸಿ, ರಾತ್ರಿಯಿಡೀ ಬಿಡಿ. ಮರುದಿನ ಬಾಗಿಸಿದಾಗ ಇನ್ನೂ ಒಣಗಿದಂತೆ ಕಂಡರಷ್ಟೇ ಎರಡನೆಯ ಸಲ. ಅದರ ಮೇಲೆ ಮುಲಾಮು: 10 ಗ್ರಾಂ ಜೇನುಮೇಣ, 30 ಗ್ರಾಂ ಅದೇ ಎಣ್ಣೆ. ಹಳೆಯ ಡಬ್ಬಿಯಲ್ಲಿ ಹಾಕಿ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಮೇಣ ಸುಮಾರು 63 ಡಿಗ್ರಿಗೇ ಕರಗುತ್ತದೆ, ನೇರ ಉರಿಯ ಮೇಲೆ ಇಡಬೇಡಿ. ತಣಿದ ಮೇಲೆ ಬೆರಳ ತುದಿಯಷ್ಟು ತೆಗೆದು ತಿಕ್ಕಿ, ಹತ್ತು ನಿಮಿಷ ಬಿಟ್ಟು ಒರೆಸಿ.

ವರ್ಷಕ್ಕೆ ಎರಡು ಸಲ ಸಾಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಮುಂಚೆ ಒಮ್ಮೆ, ಅಂದರೆ ಮೇ 20ರೊಳಗೆ. ಮಳೆ ಹಿಂದಾದ ಮೇಲೆ ಆಯುಧ ಪೂಜೆಗೆ ಮನೆಯ ಹತಾರ, ಬೈಕು ತೊಳೆಯುವಾಗ ಇನ್ನೊಮ್ಮೆ.

ಆಟಿ ತಿಂಗಳಲ್ಲಿ

ಮಳೆಗಾಲದಲ್ಲಿ ಬೆಲ್ಟನ್ನು ಸುತ್ತಿ ಪೆಟ್ಟಿಗೆಯಲ್ಲಿಡಬೇಡಿ, ಪ್ಲಾಸ್ಟಿಕ್ ಚೀಲವಂತೂ ಬೇಡ. ಫ್ಯಾನು ತಿರುಗುವ ಕೋಣೆಯಲ್ಲಿ ಬಕಲಿನಿಂದ ನೇತುಹಾಕಿ. ನುಸಿಗುಳಿಗೆ ಹುಳಕ್ಕೆ ಮದ್ದು, ಬೂಷ್ಟಿಗಲ್ಲ. ಬಿಳಿ ಕಂಡಾಗ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ದೂರದಿಂದ ಬಿಟ್ಟು ನೋಡಿ. ಕರಗಿ ಮಾಯವಾದರೆ ಕೊಬ್ಬು, ಕರಗದಿದ್ದರೆ ಬೂಷ್ಟು. ಬೂಷ್ಟಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಒಣ ಬ್ರಷ್ಷಿನಿಂದ ಕೊಡವಿ, ಸರ್ಜಿಕಲ್ ಸ್ಪಿರಿಟ್ಟಿಗೆ ಅಷ್ಟೇ ನೀರು ಸೇರಿಸಿ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಳಬದಿಯಲ್ಲಿ ನೋಡಿಕೊಳ್ಳಿ. ಒಂದು ದಿನ ಪೂರ್ತಿ ಆರಿದ ಮೇಲೆಯೇ ಮುಲಾಮು. ಬೂಷ್ಟಿನ ಮೇಲೆಯೇ ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಬಡಿಸಿದಂತೆ.

ಮಲ್ಪೆಯಲ್ಲೋ ಪಣಂಬೂರಿನಲ್ಲೋ ಸಮುದ್ರದ ನೀರು ತಾಗಿದರೆ ಒಣಗಲು ಬಿಡದೆ ಸಿಹಿನೀರಿನ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ ಉಪ್ಪು ತೆಗೆಯಿರಿ. ಬಿಸಿಲಿಗಾಗಲಿ ಒಲೆಯ ಹತ್ತಿರವಾಗಲಿ ಒಣಗಿಸಬಾರದು, ಒದ್ದೆಯಿರುವ ವೆಜ್ ಟ್ಯಾನ್ 70 ಡಿಗ್ರಿ ಮುಟ್ಟುವಾಗ ಮುದುಡಿ ಹಪ್ಪಳವಾಗುತ್ತದೆ. ಕಪಾಟಿನಲ್ಲೇ ಇಡಬೇಕಾದರೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿಯಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಗೆ ಬಳಸದ ಪಾತ್ರೆಯೊಂದನ್ನು ಅದಕ್ಕೆಂದೇ ತೆಗೆದಿಡಿ.