ಶಾಲೆಯ ಕೈತೋಟಕ್ಕೆ ವಿಶ್ವವಿದ್ಯಾಲಯದ ನೆರವು ಪಡೆಯುವುದು ಹೇಗೆ?

ಜೂನ್‌ನಲ್ಲಿ ಉತ್ಸಾಹದಿಂದ ಶುರುವಾದ ಶಾಲಾ ಕೈತೋಟ ಏಪ್ರಿಲ್‌ ರಜೆಯಲ್ಲಿ ಒಣಗಿಹೋಗುತ್ತದೆ. ಸಸಿ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ವರ್ಷಪೂರ್ತಿ ಜೊತೆಗಿರುವವರು ಬೇಕು. ವಿಶ್ವವಿದ್ಯಾಲಯದಿಂದ ಮೊದಲು ಕೇಳಬೇಕಾದದ್ದು ಅದನ್ನೇ.

ಯಾರನ್ನು ಕಾಣಬೇಕು? ಬೆಂಗಳೂರಿನವರಿಗೆ ಒಂದು ಅನುಕೂಲವಿದೆ: 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ ಊರೊಳಗೇ ಇದೆ. ಮಣ್ಣು, ಬೀಜ, ಹುಳುಬಾಧೆಯ ಪ್ರಶ್ನೆಗಳಿಗೆ ಅದರ ಆವರಣವಾದ ಜಿಕೆವಿಕೆಯಲ್ಲಿ ತಿಳಿದವರಿದ್ದಾರೆ. ಅಗೆಯಲು, ನೀರು ಹೊರಲು ಆಳು ಬೇಕಾದರೆ ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯನ್ನು ಕಾಣಿ. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕಿರುತ್ತದೆ. ಮುಖ್ಯೋಪಾಧ್ಯಾಯರ ಪತ್ರ ಕೈಯಲ್ಲಿರಲಿ. ಒಂದು ದಿನದ ಶ್ರಮದಾನ ಬೇಡ, ವಾರಕ್ಕೆ ಎರಡು ಗಂಟೆ ಕೊಡಿ ಎಂದು ಕೇಳಿ.

ಮಣ್ಣು ನೋಡಿ. ಈ ಹಂತವನ್ನು ಬಿಟ್ಟುಬಿಡಬೇಡಿ. ನಗರದ ಶಾಲೆಯ ಅಂಗಳದಲ್ಲಿ ಎರಡು ಗುದ್ದಲಿ ಅಗೆದರೆ ಸಿಮೆಂಟು, ಇಟ್ಟಿಗೆ ಚೂರು ಸಿಗುವುದುಂಟು. ಸಿಮೆಂಟು ಬೆರೆತ ಮಣ್ಣು ಕ್ಷಾರವಾಗುತ್ತದೆ. ಹಳೆಯ ಬಣ್ಣ ಉದುರುವ ಗೋಡೆಯ ಬುಡದಲ್ಲಿ ಸೀಸವೂ ಇರಬಹುದು. ಮಕ್ಕಳು ತಿನ್ನುವ ಸೊಪ್ಪು ಅಲ್ಲಿ ಬೆಳೆಯಬಾರದು. ನೆಲ ಚೆನ್ನಾಗಿದೆ ಅನ್ನಿಸಿದರೆ ಐದಾರು ಕಡೆ ಗೇಣುದ್ದ ಗುಂಡಿ ತೋಡಿ, ಅಂಚಿನ ಮಣ್ಣನ್ನು ಕೆರೆದು, ಎಲ್ಲವನ್ನೂ ಬೆರೆಸಿ, ಅರ್ಧ ಕಿಲೋದಷ್ಟನ್ನು ನೆರಳಲ್ಲಿ ಒಣಗಿಸಿ ಪರೀಕ್ಷೆಗೆ ಕೊಡಿ. ಅನುಮಾನವಿದ್ದರೆ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಸಾಕು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಪಾಲು ಬೆರೆಸಿ ತುಂಬಿ. ಐದಾರು ಗಂಟೆ ಬಿಸಿಲು ಬೀಳುವ ಕಡೆ ಇಡಿ.

ಏನು ಬೆಳೆಯಬೇಕು? ದಂಟು, ಹರಿವೆ ಬಿತ್ತಿದ ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಮಕ್ಕಳ ತಾಳ್ಮೆಗೆ ಅದು ಸರಿಯಾದ ಲೆಕ್ಕ. ಬಸಳೆ, ಚಕ್ರಮುನಿ ಹಾಕಿದರೆ ಚಿವುಟಿದಷ್ಟೂ ಚಿಗುರುತ್ತವೆ. ನೆಲ ಸಿಕ್ಕರೆ ಒಂದು ನುಗ್ಗೆ ಕೊಂಬೆ ನೆಡಿ.

ತಟ್ಟೆಗೆ ತನ್ನಿ. ಗೃಹವಿಜ್ಞಾನ ಅಥವಾ ಪೋಷಣಾಶಾಸ್ತ್ರ ಓದುವ ವಿದ್ಯಾರ್ಥಿಗಳನ್ನು ಇಲ್ಲಿ ಕರೆಸಿ, ಅಡುಗೆಯವರ ಜೊತೆ ಕೂರಿಸಿ. ಉಪನ್ಯಾಸ ಬೇಡ, ನುಗ್ಗೆಸೊಪ್ಪು ಹಾಕಿದ ರಾಗಿ ರೊಟ್ಟಿ ತಟ್ಟಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅದು ಅಕ್ಕಿಯಲ್ಲಿ ತೀರಾ ಕಡಿಮೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ತಾನೇ ಕಿತ್ತ ಸೊಪ್ಪನ್ನು ಮಗು ತಟ್ಟೆಯಂಚಿಗೆ ಸರಿಸುವುದು ಕಡಿಮೆ.

ತರಕಾರಿ ಸಿಪ್ಪೆಯನ್ನು ಒಣ ಎಲೆಯ ಜೊತೆ ಪದರ ಪದರವಾಗಿ ಡ್ರಮ್ಮಿಗೆ ಹಾಕುತ್ತಾ ಬಂದರೆ ಗೊಬ್ಬರ ಅಲ್ಲೇ ಆಗುತ್ತದೆ.

ರಜೆಯಲ್ಲಿ ತೋಟ ನೋಡಿಕೊಳ್ಳುವವರ ಪಟ್ಟಿ. ಇದನ್ನು ಮಾರ್ಚ್‌ಗೆ ಬಿಡದೆ ಜೂನ್‌ನಲ್ಲೇ ಬರೆಯಿರಿ. ಬೇಸಿಗೆಯಲ್ಲಿ ಕಾಲೇಜಿಗೂ ಪರೀಕ್ಷೆ, ರಜೆ ಬರುತ್ತವೆ. ಆದ್ದರಿಂದ ವಾರಕ್ಕೊಬ್ಬ ಸ್ವಯಂಸೇವಕರ ಜೊತೆ ಒಬ್ಬ ತಾಯಿಯ ಹೆಸರೂ ಇರಲಿ. ಗ್ರೋ ಬ್ಯಾಗ್‌ಗಳನ್ನು ಅಕ್ಕಪಕ್ಕದ ಬೀದಿಯ ಮಕ್ಕಳಿಗೆ ಒಂದೊಂದರಂತೆ ಮನೆಗೆ ಕೊಟ್ಟು ಕಳಿಸಿ, ಚೀಲದ ಮೇಲೆ ಅವರ ಹೆಸರು ಬರೆಸಿ. ಶಾಲೆ ತೆರೆದ ದಿನ ಅವು ವಾಪಸ್ ಬರಲಿ.